ಬೇನೆ ಬಂದ ಬೆಕ್ಕಿಗೆ ಲಸಿಕೆ ಹಾಕಿಸಬೇಕೆ?

ನಮ್ಮ ಬಸವಕಲ್ಯಾಣ ಹುಮನಾಬಾದುಗಳ ಸೀಮೆಯಲ್ಲಿ ದನಕರುಗಳಿಗೆ ಲಸಿಕೆ ಹಾಕಿಸುವುದು ಯಾರಿಗೂ ಹೊಸತಲ್ಲ. ಕಾಲುಬಾಯಿ ಬೇನೆಯ ಲಸಿಕೆ ಬಂದಿದೆಯೆಂದು ತಿಳಿದರೆ ರೈತನು ತನ್ನ ದೇವಣಿ ಎತ್ತುಗಳ ಹಗ್ಗವನ್ನು ಹಿಡಿದು ತಾನಾಗಿಯೇ ಬಂದು ನಿಲ್ಲುತ್ತಾನೆ. ಆದರೆ ಅದೇ ರೈತನ ಮನೆಯಲ್ಲಿ ತೊಗರಿ ಜೋಳಗಳ ಚೀಲಗಳನ್ನು ಇಲಿಗಳಿಂದ ಕಾಯುತ್ತ, ಸಂಬಳವಿಲ್ಲದೆ ದುಡಿಯುವ ಬೆಕ್ಕಿಗೂ ಲಸಿಕೆಗಳುಂಟೆಂಬುದನ್ನು ನೆನೆಯುವವರು ವಿರಳ. ಕಳೆದ ವರ್ಷದವರೆಗೆ ನಾನೂ ಆ ನೆನೆಯದವರಲ್ಲಿ ಒಬ್ಬನಾಗಿದ್ದೆನು. ನನ್ನನ್ನು ಎಚ್ಚರಿಸಿದುದು ನಮ್ಮ ಮನೆಯ ಬೆಳ್ಳಿ ಎಂಬ ಬಿಳಿಯ ಬೆಕ್ಕು. ಆ ಸಂಗತಿಯನ್ನು ವಾಚಕರ ಮುಂದಿಡುವುದರಿಂದ, ಬೆಕ್ಕು ಸಾಕಿದ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಈ ಬರಹ.

ಬೆಳ್ಳಿಗೆ ಆಗ ಎರಡು ವರ್ಷ ತುಂಬಿದ್ದಿತು. ರಾತ್ರಿ ಮಾಳಿಗೆಗಳ ಮೇಲೆ ತಿರುಗಿ ಬೆಳಗಿನ ಹಾಲಿನ ಹೊತ್ತಿಗೆ ತಪ್ಪದೆ ಬರುತ್ತಿದ್ದ ಆ ಬೆಕ್ಕು, ಮಳೆಗಾಲದ ಕೊನೆಯಲ್ಲಿ ಮೂಲೆ ಹಿಡಿಯಿತು. ಮೈ ಸೊರಗಿತು, ಬಾಯಲ್ಲಿ ಹುಣ್ಣುಗಳೆದ್ದವು, ಒಸಡುಗಳು ರಕ್ತವಿಲ್ಲದಂತೆ ಬಿಳಿಚಿದವು. ಊರಿನ ಪಶುವೈದ್ಯರು ಜ್ವರಕ್ಕೆ ಔಷಧ ಕೊಟ್ಟು, ರಕ್ತಪರೀಕ್ಷೆಯಾದ ಹೊರತು ಮುಂದಿನ ಮಾತು ಹೇಳಲಾಗದೆಂದರು. ಮಗನು ಹೈದರಾಬಾದಿನಲ್ಲಿರುವುದರಿಂದ ಬೆಳ್ಳಿಯನ್ನು ಬಿದಿರ ಬುಟ್ಟಿಯಲ್ಲಿಟ್ಟು ಹೆದ್ದಾರಿ ಹಿಡಿದು ಅಲ್ಲಿಗೆ ಒಯ್ದೆವು. ಅದರ ಸಂಗಡವೇ, ಎಂಟು ದಿನಗಳ ಹಿಂದೆ ಮೊಮ್ಮಗಳು ಹುಮನಾಬಾದಿನಿಂದ ತಂದಿದ್ದ ಮಣಿ ಎಂಬ ಮೂರು ತಿಂಗಳ ಮರಿಯನ್ನೂ ಒಯ್ದೆವು. ಎರಡರ ರಕ್ತವನ್ನೂ ಪರೀಕ್ಷಿಸಲಾಯಿತು. ಬೆಳ್ಳಿಯಲ್ಲಿ ‘ಫೆಲೈನ್ ಲ್ಯುಕೀಮಿಯಾ’ ಎಂಬ ರೋಗದ ವೈರಾಣು ಇದ್ದಿತು, ಮರಿಯಲ್ಲಿ ಕಾಣಲಿಲ್ಲ.

ಹಿಂದಿರುಗುವಾಗ ಮೊಮ್ಮಗಳು ಕೇಳಿದಳು: “ಮುತ್ಯಾ, ಬೆಳ್ಳಿಗೂ ಮಣಿಗೂ ಇಬ್ಬರಿಗೂ ಸೂಜಿ ಮಾಡ್ಸಿದ್ರ ಇಬ್ಬರೂ ಆರಾಮ ಆಗ್ತಾರಲ್ಲ?” ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಈ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಆಮೇಲೆ ವೈದ್ಯರನ್ನು ಕೇಳಿಯೂ ಓದಿಯೂ ತಿಳಿದುಕೊಂಡೆನು.

ಮೊದಲು ರೋಗದ ವಿಚಾರ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪಶುವೈದ್ಯ ವಿಲಿಯಂ ಜ್ಯಾರೆಟ್ ಮತ್ತು ಅವರ ಸಂಗಡಿಗರು ಈ ವೈರಾಣುವನ್ನು ಕಂಡುಹಿಡಿದರು. ಒಂದೇ ಮನೆಯ ಹಲವು ಬೆಕ್ಕುಗಳಿಗೆ ಅರ್ಬುದ ರೋಗ ಬಂದುದನ್ನು ಕಂಡು, ಇದು ಒಂದರಿಂದೊಂದಕ್ಕೆ ಅಂಟುತ್ತಿರಬಹುದೇ ಎಂದು ಶಂಕಿಸಿದುದೇ ಆ ಶೋಧನೆಗೆ ಬೀಜವಾಯಿತು. ಲ್ಯುಕೀಮಿಯಾ ಎಂಬ ಶಬ್ದಕ್ಕೆ ಗ್ರೀಕ್ ಮೂಲದಲ್ಲಿ ‘ಬಿಳಿಯ ರಕ್ತ’ ಎಂದರ್ಥ. ಹೆಸರನ್ನು ಕೇಳಿದವರು ಇದನ್ನು ರಕ್ತದ ಕ್ಯಾನ್ಸರೆಂದೇ ತಿಳಿಯುವರು. ಆದರೆ ಈ ವೈರಾಣುವಿನ ಕೇಡು ಅಷ್ಟಕ್ಕೇ ನಿಲ್ಲದು. ಕೆಲವು ಬೆಕ್ಕುಗಳಿಗೆ ಅರ್ಬುದವಾಗುತ್ತದೆ, ಕೆಲವಕ್ಕೆ ರಕ್ತಹೀನತೆಯುಂಟಾಗುತ್ತದೆ, ಮತ್ತೆ ಕೆಲವಕ್ಕೆ ರೋಗನಿರೋಧಕ ಶಕ್ತಿಯೇ ಕುಂದಿ, ಬೇರೆ ಬೆಕ್ಕುಗಳು ಸುಲಭವಾಗಿ ದಾಟುವ ಸಣ್ಣ ಬೇನೆಗಳೇ ಮಾರಕವಾಗುತ್ತವೆ. ಈ ವೈರಾಣು ಮನುಷ್ಯರಿಗಾಗಲಿ ನಾಯಿಗಳಿಗಾಗಲಿ ತಗಲುವುದಿಲ್ಲವಾದುದರಿಂದ ಮನೆಯ ಮಕ್ಕಳ ವಿಷಯದಲ್ಲಿ ಈ ಕಾರಣಕ್ಕಾಗಿ ಹೆದರಬೇಕಾದುದಿಲ್ಲ.

ಇದು ಹರಡುವ ಬಗೆಯನ್ನು ಕೇಳಿದಾಗ ನನಗೆ ಒಂದು ಶಬ್ದವ್ಯುತ್ಪತ್ತಿ ನೆನಪಾಯಿತು. ಸಂಸ್ಕೃತದಲ್ಲಿ ಬೆಕ್ಕಿಗೆ ಆಖುಭುಕ್, ಎಂದರೆ ಇಲಿಯನ್ನು ತಿನ್ನುವುದು, ಎಂಬ ಹೆಸರಿರುವಂತೆ ಮಾರ್ಜಾರ ಎಂಬ ಹೆಸರೂ ಉಂಟು. ಇದು ‘ಮೃಜ್’ ಎಂಬ ಧಾತುವಿನಿಂದ ಬಂದುದು; ಒರಸುವುದು, ಶುದ್ಧಮಾಡುವುದು ಎಂದು ಆ ಧಾತುವಿನ ಅರ್ಥ. ಸದಾ ಮೈ ನೆಕ್ಕಿಕೊಂಡು ಶುಚಿಯಾಗಿರುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ವಿಪರ್ಯಾಸವೆಂದರೆ ಈ ರೋಗವು ಮುಖ್ಯವಾಗಿ ಹರಡುವುದು ಆ ನೆಕ್ಕುವಿಕೆಯಿಂದಲೇ. ವೈರಾಣು ಎಂಜಲಿನಲ್ಲಿ ಹೇರಳವಾಗಿರುತ್ತದೆ. ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಿನಲ್ಲಿ ಉಣ್ಣುವುದು, ಕಾದಾಡಿ ಕಚ್ಚುವುದು, ಇವು ದಾರಿಗಳು. ತಾಯಿಯಿಂದ ಮರಿಗೆ ಗರ್ಭದಲ್ಲಿಯೂ ಹಾಲಿನಿಂದಲೂ ಬರುವುದುಂಟು. ಬೆಕ್ಕಿನ ಮೈಯಿಂದ ಹೊರಬಿದ್ದ ಮೇಲೆ ಈ ವೈರಾಣು ಬಹುಕಾಲ ಬದುಕದು. ಸಾಬೂನಿನ ನೀರಿಗೇ ನಾಶವಾಗುತ್ತದೆ. ಎಳೆಯ ಮರಿಗಳಿಗೆ ಅಪಾಯ ಹೆಚ್ಚು. ವಯಸ್ಸಾದಂತೆ ತಡೆಯುವ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ.

ಹಾಗಾದರೆ ಬೆಳ್ಳಿಗೆ ಈ ರೋಗದ ಲಸಿಕೆಯನ್ನು ಹಾಕಿಸಬೇಕಾಗಿದ್ದಿತೇ? ಇಲ್ಲ. ಲಸಿಕೆಯ ಕೀರ್ತಿಯೇ ಈ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ಹಿರಿಯರು ದೇವಿ ಹಾಕಿಸುವುದೆಂದು ಕರೆಯುತ್ತಿದ್ದ ಲಸಿಕೆಯಿಂದ ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಸಾರಲಾಯಿತು. ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ದನಗಳ ದೊಡ್ಡರೋಗವು ಲಸಿಕೆಯ ಬಲದಿಂದಲೇ 2006ರ ಹೊತ್ತಿಗೆ ಭಾರತದಿಂದಲೂ 2011ರ ಹೊತ್ತಿಗೆ ಲೋಕದಿಂದಲೂ ತೊಲಗಿತು. ಇಂಥ ಮಹಿಮೆಯನ್ನು ಕೇಳಿದವರು, ಲಸಿಕೆಯೆಂದರೆ ಒಳಹೊಕ್ಕ ರೋಗವನ್ನು ಹೊರಗಟ್ಟುವ ಮದ್ದೆಂದು ಭಾವಿಸಿಬಿಡುತ್ತಾರೆ. ಅದು ಮದ್ದಲ್ಲ, ಶತ್ರುವಿನ ಗುರುತನ್ನು ಶರೀರಕ್ಕೆ ಮುಂಚಿತವಾಗಿ ಕಲಿಸುವ ಪಾಠ. ಶತ್ರು ಒಳಗೆ ಬಂದು ಮನೆಮಾಡಿದ ಮೇಲೆ ಆ ಪಾಠದಿಂದ ಫಲವಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಕೋಟೆಯ ಊರಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಆದುದರಿಂದಲೇ ಈ ಲಸಿಕೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಬೇಕೆಂಬ ನಿಯಮ. ಪರೀಕ್ಷೆಯಿಲ್ಲದೆ ಹಾಕಿಸಿದರೆ ಸೋಂಕಿದ ಬೆಕ್ಕಿಗೆ ಲಾಭವಿಲ್ಲ. ಮೇಲಾಗಿ, ಲಸಿಕೆಯಾಗಿದೆಯೆಂಬ ಹುಸಿ ಧೈರ್ಯದಿಂದ ಯಜಮಾನನು ಅದನ್ನು ಇತರ ಬೆಕ್ಕುಗಳ ಸಂಗಡ ಬಿಡುವನು.

ಇಷ್ಟನ್ನು ತಿಳಿದ ಮೇಲೆ ನಾನು ಇನ್ನೊಂದು ತಪ್ಪಿಗೆ ಜಾರಿದೆನು. ಲ್ಯುಕೀಮಿಯಾದ ಲಸಿಕೆ ವ್ಯರ್ಥವಾದರೆ ಉಳಿದ ಲಸಿಕೆಗಳೂ ವ್ಯರ್ಥವೇ ಸರಿ. ಹೇಗೂ ಹೋಗುವ ಜೀವಕ್ಕೆ ಸೂಜಿಯ ನೋವೇಕೆ ಎಂದುಕೊಂಡೆನು. ನೆರೆಯ ಹಿರಿಯರೊಬ್ಬರು ಇನ್ನೂ ಮುಂದೆ ಹೋಗಿ, ಊರ ಹೊರಗೆ ಬಿಟ್ಟುಬರುವುದೇ ಮೇಲೆಂದರು. ನನ್ನ ಮಡದಿ ಮಾತ್ರ, “ಹಾಲು ಹಾಕಿದ ಕೈಯಿಂದ ಅಷ್ಟು ದೂರ ಒಯ್ದು ಬಿಡೂದು ನನ್ನಿಂದ ಆಗೂದಿಲ್ರೀ” ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದಳು. ಅವಳ ಮಾತಿನಲ್ಲಿದ್ದ ಕರುಣೆಯಲ್ಲಿಯೇ ವಿವೇಕವೂ ಅಡಗಿದ್ದಿತೆಂಬುದು ನನಗೆ ತರುವಾಯ ಹೊಳೆಯಿತು. ಹೊರಗೆ ಬಿಟ್ಟ ಸೋಂಕಿನ ಬೆಕ್ಕು ಓಣಿಯ ಎಲ್ಲ ಬೆಕ್ಕುಗಳಿಗೂ ರೋಗವನ್ನು ಹಂಚುವುದು.

ವೈದ್ಯರು ನನ್ನ ತರ್ಕವನ್ನು ತಲೆಕೆಳಗು ಮಾಡಿದರು. ನಿರೋಧಶಕ್ತಿ ಕುಂದಿದ ಬೆಕ್ಕಿಗೆ ಬೇರೆ ರೋಗಗಳಿಂದ ರಕ್ಷಣೆ ಬೇಕಾದುದು ಹೆಚ್ಚಾಗಿಯೇ ಹೊರತು ಕಡಿಮೆಯಾಗಿಯಲ್ಲ. ಅವುಗಳಲ್ಲಿ ಮೊದಲನೆಯದು ರೇಬೀಸ್, ಸುಶ್ರುತಸಂಹಿತೆಯಲ್ಲಿ ಜಲತ್ರಾಸವೆಂದು ಹೇಳಿದ ಹುಚ್ಚುನಾಯಿ ರೋಗ. ಇದು ನಾಯಿಗಳಿಗಷ್ಟೇ ಸೇರಿದುದೆಂದು ತಿಳಿಯಬಾರದು. ಬೆಕ್ಕಿನ ಕಡಿತದಿಂದಲೂ ಮನುಷ್ಯನಿಗೆ ಬರಬಹುದು. ಲಕ್ಷಣಗಳು ತೋರಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದಕಾರಣ ಬೆಕ್ಕಿಗೆ ಈ ಲಸಿಕೆ ಹಾಕಿಸುವುದು ಬೆಕ್ಕಿನ ಆಯುಷ್ಯದ ಪ್ರಶ್ನೆ ಮಾತ್ರವಲ್ಲ, ಅದನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವ ಮಕ್ಕಳ ಪ್ರಶ್ನೆಯೂ ಹೌದು. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲನೆಯ ಸೂಜಿ, ಒಂದು ವರ್ಷಕ್ಕೆ ಮತ್ತೊಂದು, ಅನಂತರ ವೈದ್ಯರು ಹೇಳಿದ ಅವಧಿಗೊಮ್ಮೆ. ಇಷ್ಟಾಗಿಯೂ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗೃಹಿಣಿಯರು ಅರಿಸಿನ ಸುಣ್ಣಗಳನ್ನು ಮೆತ್ತದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಪ್ಯಾನ್‌ಲ್ಯುಕೊಪೀನಿಯಾ ಎಂಬ ವಾಂತಿಭೇದಿಯ ರೋಗ. ಇದರ ವೈರಾಣು ಲ್ಯುಕೀಮಿಯಾದ್ದರಂತೆ ಬೇಗ ಸಾಯದೆ ನೆಲದಲ್ಲಿಯೂ ಸಾಮಾನುಗಳಲ್ಲಿಯೂ ತಿಂಗಳುಗಟ್ಟಲೆ ಉಳಿದು, ನಮ್ಮ ಚಪ್ಪಲಿಗಳಿಗೆ ಅಂಟಿಕೊಂಡೇ ಮನೆಯೊಳಗೆ ಬರಬಲ್ಲುದು. ಇದಕ್ಕೂ ಬೆಕ್ಕುಗಳ ನೆಗಡಿಜ್ವರದ ಎರಡು ವೈರಾಣುಗಳಿಗೂ ಸೇರಿ ಒಂದೇ ಲಸಿಕೆಯುಂಟು. ಸೋಂಕಿದ ಬೆಕ್ಕಿಗೆ ಇದನ್ನು ಹಾಕುವಾಗ ವೈದ್ಯರು ಎರಡು ಸಂಗತಿಗಳನ್ನು ನೋಡುತ್ತಾರೆ. ಬೆಕ್ಕು ಆ ದಿನ ಜ್ವರವಿಲ್ಲದೆ ಗೆಲುವಾಗಿರಬೇಕು. ಸಾಧ್ಯವಿದ್ದಲ್ಲಿ ನಿರ್ಜೀವಗೊಳಿಸಿದ ವೈರಾಣುವಿನ ಲಸಿಕೆಯನ್ನೇ ಆರಿಸಬೇಕು. ಸಜೀವ ಲಸಿಕೆಯಲ್ಲಿನ ದುರ್ಬಲ ವೈರಾಣುವೂ ನಿರೋಧಶಕ್ತಿ ತೀರ ಕುಂದಿದ ಶರೀರದಲ್ಲಿ ತಲೆಯೆತ್ತಬಹುದೆಂಬ ಶಂಕೆಯೇ ಇದಕ್ಕೆ ಕಾರಣ.

ಲಸಿಕೆಯಿಂದ ಕೇಡೇ ಇಲ್ಲವೆಂದು ಹೇಳುವುದೂ ಸತ್ಯವಾಗದು. ಎರಡು ದಿನದ ಜಡತೆ, ಸೂಜಿ ಚುಚ್ಚಿದಲ್ಲಿ ಸಣ್ಣ ಬಾವು ಸಾಮಾನ್ಯ. ಸಾವಿರಾರು ಬೆಕ್ಕುಗಳಲ್ಲಿ ಒಂದಕ್ಕೆ ಆ ಸ್ಥಳದಲ್ಲಿ ಕೆಟ್ಟ ಗಂಟು ಬೆಳೆಯುವುದುಂಟೆಂದು 1991ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಅಂದಿನಿಂದ ಬೆನ್ನಿಗೆ ಬದಲಾಗಿ ಕಾಲಿನ ಕೆಳಭಾಗದಲ್ಲಿ ಚುಚ್ಚುವ ಪದ್ಧತಿ ಬಂದಿದೆ. ಬಾವು ಮೂರು ತಿಂಗಳಾದರೂ ಇಳಿಯದಿದ್ದರೆ ಅಥವಾ ಬೆಳೆಯುತ್ತಲೇ ಇದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಈ ಅಪರೂಪದ ಕೇಡನ್ನು ರೇಬೀಸಿನ ಭಯದೊಡನೆ ತೂಗಿದರೆ ತಕ್ಕಡಿ ಯಾವ ಕಡೆಗೆ ಬಾಗುವುದೆಂಬುದು ಸ್ಪಷ್ಟ.

ಇನ್ನು ಮಣಿಯ ಮಾತು. ನಿಜವಾಗಿ ಲ್ಯುಕೀಮಿಯಾದ ಲಸಿಕೆಗೆ ಪಾತ್ರವಾದುದು ಅದೇ. 1985ರಲ್ಲಿ ಮೊದಲು ಮಾರಾಟಕ್ಕೆ ಬಂದ ಈ ಲಸಿಕೆಯನ್ನು ಎಂಟು ವಾರ ತುಂಬಿದ, ಪರೀಕ್ಷೆಯಲ್ಲಿ ಸೋಂಕು ಕಾಣದ ಮರಿಗಳಿಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ, ಮತ್ತು ಒಂದು ವರ್ಷದ ಮೇಲೆ ಇನ್ನೊಂದು ಸಲ ಹಾಕುತ್ತಾರೆ. ಮನೆಯೊಳಗೇ ಒಂಟಿಯಾಗಿ ಬಾಳುವ ದೊಡ್ಡ ಬೆಕ್ಕಿಗೆ ಇದರ ಅಗತ್ಯ ಅಷ್ಟಿಲ್ಲ. ಹೊರಗೆ ತಿರುಗುವ ಬೆಕ್ಕಿಗೂ ಒಂದು ವರ್ಷದೊಳಗಿನ ಮರಿಗೂ ಬೇಕು. ಆದರೆ ನಮ್ಮ ಮಣಿಯ ವಿಷಯದಲ್ಲಿ ಎರಡು ತೊಡಕುಗಳಿದ್ದವು. ಎಂಟು ದಿನ ಬೆಳ್ಳಿಯ ಬಟ್ಟಲಿನಲ್ಲಿಯೇ ಹಾಲು ಕುಡಿದ ಮರಿಯಲ್ಲಿ ಸೋಂಕು ಹೊಕ್ಕಿದ್ದರೂ ಅಷ್ಟು ಬೇಗ ಪರೀಕ್ಷೆಗೆ ಸಿಕ್ಕದೆ ಇರಬಹುದು. ಆದುದರಿಂದ ಒಂದು ತಿಂಗಳ ಮೇಲೆ ಮತ್ತೆ ನೋಡಬೇಕೆಂದರು. ಅದೂ ಅಲ್ಲದೆ ಈ ಲಸಿಕೆ ನಮ್ಮ ಕಡೆ ಕೇಳಿದೊಡನೆ ದೊರೆಯುವ ವಸ್ತುವಾಗಿರಲಿಲ್ಲ. ದೊರೆತರೂ ಅದರ ರಕ್ಷಣೆ ಪೂರ್ಣವಲ್ಲವಾದುದರಿಂದ, ಸೋಂಕಿದ ಬೆಕ್ಕಿನೊಡನೆ ಒಂದೇ ಬಟ್ಟಲಿಗೆ ಬಿಡುವಂತಿಲ್ಲ. ಬೇರ್ಪಡಿಸುವುದೇ ಎಲ್ಲಕ್ಕಿಂತ ಭದ್ರವಾದ ಉಪಾಯವಾಯಿತು.

ಯಾವುದನ್ನು ಎಲ್ಲಿಡಬೇಕೆಂಬ ತೀರ್ಮಾನವನ್ನು ಮೊಮ್ಮಗಳೇ ಮಾಡಿದಳು. ಎರಡು ದಿನ ಅತ್ತು, ಮೂರನೆಯ ದಿನ ಮಣಿಯನ್ನು ತಾನೇ ಎತ್ತಿಕೊಂಡು ಹುಮನಾಬಾದಿಗೆ ಹೋದಳು. ಬೆಳ್ಳಿ ನಮ್ಮಲ್ಲಿ ಉಳಿಯಿತು. ತಿಂಗಳ ಮೇಲಿನ ಪರೀಕ್ಷೆಯಲ್ಲಿಯೂ ಮಣಿಯಲ್ಲಿ ಸೋಂಕು ಕಾಣಲಿಲ್ಲವೆಂದು ಸುದ್ದಿ ಬಂದ ದಿನ ಮನೆಯಲ್ಲಿ ಹೋಳಿಗೆಯಾಯಿತು. ಉಳಿದ ಲಸಿಕೆಗಳೆಲ್ಲ ಅದಕ್ಕೆ ಆಗಿವೆ.

ಬೆಳ್ಳಿಗೆ ಜ್ವರ ಬಿಟ್ಟು ತುಸು ಚೇತರಿಕೆಯಾದ ಮೇಲೆ ರೇಬೀಸಿನ ಸೂಜಿಯನ್ನೂ ಮೂರು ರೋಗಗಳ ಲಸಿಕೆಯನ್ನೂ ಹಾಕಿಸಿದೆವು. ಮರಿಗಳಿಗೆ ರೋಗ ದಾಟದಂತೆ ಸಂತಾನಹರಣದ ಶಸ್ತ್ರಕ್ರಿಯೆಯನ್ನೂ ಮಾಡಿಸಿದೆವು. ಈಗ ಅದು ಮಾಳಿಗೆ ಹತ್ತುವುದಿಲ್ಲ. ಪಡಸಾಲೆಯಲ್ಲಿಯೇ ಅದರ ರಾಜ್ಯ. ಹಸಿಮಾಂಸ ಕೊಡುವುದಿಲ್ಲ, ಬಟ್ಟಲು ಬೇರೆ, ಆರು ತಿಂಗಳಿಗೊಮ್ಮೆ ವೈದ್ಯರ ದರ್ಶನ. ಈ ವೈರಾಣುವನ್ನು ಕೆಲವು ಬೆಕ್ಕುಗಳು ಪೂರ್ತಿ ಹೊರದೂಡುತ್ತವೆ; ಕೆಲವು ಅದನ್ನು ಒಳಗೆ ಅದುಮಿಟ್ಟು ಬಹುಕಾಲ ಬಾಳುತ್ತವೆ; ರೋಗ ಬಲಿತವುಗಳಲ್ಲಿ ಬಹಳಷ್ಟು ಮೂರು ವರ್ಷಗಳೊಳಗೆ ತೀರಿಹೋಗುತ್ತವೆ. ಎರಡನೆಯ ಪರೀಕ್ಷೆಯ ಮೇಲೆ ಬೆಳ್ಳಿ ಮೂರನೆಯ ಪಂಗಡದ್ದೆಂದು ತಿಳಿದಿದೆ. ಮೊಮ್ಮಗಳಿಗೂ ಅದನ್ನು ಮುಚ್ಚಿಡಲಿಲ್ಲ.

ಭಕ್ತಿಶಾಸ್ತ್ರದಲ್ಲಿ ಮರ್ಕಟಕಿಶೋರ, ಮಾರ್ಜಾರಕಿಶೋರ ಎಂಬ ಎರಡು ನ್ಯಾಯಗಳುಂಟು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿದು ಹಿಡಿಯುತ್ತದೆ. ಬೆಕ್ಕಿನ ಮರಿ ಏನನ್ನೂ ಹಿಡಿಯದು, ತಾಯಿ ಕಚ್ಚಿ ಒಯ್ದಲ್ಲಿಗೆ ಹೋಗುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೆನು. ಮನೆಯ ಬೆಕ್ಕು ನಮ್ಮ ವಿಷಯದಲ್ಲಿ ಯಾವಾಗಲೂ ಆ ಮರಿಯೇ. ಅದು ತನ್ನ ಲಸಿಕೆಯನ್ನು ತಾನು ಕೇಳಲಾರದು. ಹೊಸ ಮರಿಯನ್ನು ಮನೆಗೆ ತಂದವರು ಬಟ್ಟಲು ತೆಗೆದಿಡುವ ಮುನ್ನ ಒಂದು ಸಲ ವೈದ್ಯರ ಬಳಿಗೆ ಒಯ್ದು ರಕ್ತ ತೋರಿಸಲಿ. ನಾನು ಎರಡು ವರ್ಷ ತಡಮಾಡಿದೆನು; ಅದರ ಬೆಲೆಯನ್ನು ಬೆಳ್ಳಿ ತೆರುತ್ತಿದೆ.