ಹಿಂದೆ ಮುಂದೆ ಹರಿದೂ ಹರಳು ಕಟ್ಟುವ ವಿದ್ಯುತ್ತು

ಬೆಳ್ಳಿ ಲೇಪ ಹಾಕುವವರು ಪ್ಲಗ್ಗಿನ ಕರೆಂಟನ್ನು ನೇರವಾಗಿ ದ್ರಾವಣಕ್ಕೆ ಹರಿಸುವುದಿಲ್ಲ. ರೆಕ್ಟಿಫೈಯರ್ ಇಟ್ಟು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳುತ್ತಾರೆ. ನಮ್ಮ 50 ಹರ್ಟ್ಸ್ ಎ.ಸಿ. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಒಮ್ಮೆ ಕೂರಿಸಿದ ಲೋಹವನ್ನು ಮರುಗಳಿಗೆಯಲ್ಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ವಸ್ತು ತಯಾರಿಕೆಗೆ ಎ.ಸಿ. ಒಗ್ಗದು ಎಂಬುದು ಬಹುಕಾಲದ ರೂಢಿ.

ಉಕ್ರೇನಿನ ಲ್ವಿವ್ ನಗರದ ಇವಾನ್ ಫ್ರಾಂಕೊ ವಿಶ್ವವಿದ್ಯಾಲಯದಲ್ಲಿ ಮಾರ್ಯನ್ ಮಿಸ್ಕಿವ್ ಮತ್ತು ಸಂಗಡಿಗರು ಈ ರೂಢಿಯನ್ನು ಮುರಿದರು. ಅವರ ಯಂತ್ರ ಬೆರಳುದ್ದದ ಪ್ರನಾಳ ಅಷ್ಟೇ. ಅದರಲ್ಲಿ ಕೆಲವೇ ಮಿಲಿಲೀಟರ್ ಆಲ್ಕೋಹಾಲು, ಕರಗಿಸಿದ ತಾಮ್ರದ ಲವಣ, ಜೊತೆಗೆ ಇಂಗಾಲದ ದ್ವಿಬಂಧವಿರುವ ಒಂದು ಸಾವಯವ ವಸ್ತು. ಬಿರಡೆಯ ಮೂಲಕ ಇಳಿಬಿಟ್ಟ ಎರಡು ತಾಮ್ರದ ತಂತಿಗಳಿಗೆ ಒಂದು ವೋಲ್ಟಿಗಿಂತ ಕಡಿಮೆ ಒತ್ತಡದ 50 ಹರ್ಟ್ಸ್ ಎ.ಸಿ. ಕೊಟ್ಟು ಕೆಲವು ದಿನ ಬಿಟ್ಟರೆ ತಂತಿಗಳ ಮೇಲೆ ಹರಳು ಮೂಡುತ್ತವೆ.

ಗುಟ್ಟು ತಾಮ್ರದ ಸ್ವಭಾವದಲ್ಲಿದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ ಸ್ಥಿರ. ಮೈಲುತುತ್ತದ ನೀಲಿ ಅದರದ್ದೇ. ಒಂದೇ ಎಲೆಕ್ಟ್ರಾನ್ ಕಳೆದುಕೊಂಡದ್ದು ಚಂಚಲ. ಗಾಳಿ ತಾಗಿದರೆ ಇನ್ನೊಂದನ್ನೂ ಬಿಟ್ಟುಕೊಡುತ್ತದೆ. ತಂತಿಯ ಮೈಮೇಲೆ ಕರೆಂಟು ಒಂದು ದಿಕ್ಕಿಗೆ ಹರಿದಾಗ, ದ್ರಾವಣದ ಸ್ಥಿರ ತಾಮ್ರ ಒಂದು ಎಲೆಕ್ಟ್ರಾನ್ ಪಡೆದು ಚಂಚಲ ರೂಪಕ್ಕೆ ಇಳಿಯುತ್ತದೆ. ದಿಕ್ಕು ಬದಲಾದಾಗ ತಂತಿಯದೇ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅದೇ ರೂಪಕ್ಕೆ ಬರುತ್ತದೆ. ಕಡಗೋಲಿನ ಹಗ್ಗವನ್ನು ಎಡಕ್ಕೆಳೆದರೂ ಬಲಕ್ಕೆಳೆದರೂ ಏಳುವುದು ಬೆಣ್ಣೆಯೇ ತಾನೆ?

ಹುಟ್ಟಿದ ಚಂಚಲ ತಾಮ್ರವನ್ನು ದ್ವಿಬಂಧ ಹಿಡಿದುಕೊಳ್ಳುತ್ತದೆ. ದ್ವಿಬಂಧ ತನ್ನ ಎಲೆಕ್ಟ್ರಾನ್ ಮೋಡದ ಪಾಲನ್ನು ತಾಮ್ರಕ್ಕೆ ಕೊಡುತ್ತದೆ, ತಾಮ್ರ ಸ್ವಲ್ಪವನ್ನು ಹಿಂದಿರುಗಿಸುತ್ತದೆ. ಈ ಕೊಡುಕೊಳ್ಳುವಿಕೆಯಿಂದ ಕಟ್ಟಿಕೊಳ್ಳುವುದೇ ಕೋಆರ್ಡಿನೇಷನ್ ಸಂಯುಕ್ತ. ಅದು ಹರಳಾಗಿ ದ್ರಾವಣದಿಂದ ಹೊರಬಿದ್ದ ಮೇಲೆ ಮುಂದಿನ ತಿರುವಿಗೆ ಸುಲಭವಾಗಿ ಸಿಗುವುದಿಲ್ಲ. ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಕೊಟ್ಟಿದ್ದರೆ ಒಂದು ತಂತಿ ಸವೆದು, ಇನ್ನೊಂದರ ಮೇಲೆ ತಾಮ್ರ ಕೂರುತ್ತಿತ್ತು.

ಈ ಹರಳುಗಳಿಗೆ ಎಕ್ಸ್-ರೇ ಹಾಯಿಸಿ, ತಾಮ್ರ ದ್ವಿಬಂಧವನ್ನು ಹಿಡಿಯುವ ಬಗೆಯನ್ನು ಅಳೆಯುತ್ತಾರೆ. ಇಂಥ ಹಿಡಿತ ಪ್ರಕೃತಿಯಲ್ಲೂ ಇದೆ. ಬಾಳೆಕಾಯಿಯನ್ನು ಹಣ್ಣಾಗಿಸುವ ಎಥಿಲೀನಿನಲ್ಲೂ ದ್ವಿಬಂಧವಿದೆ. ಗಿಡದ ಪ್ರೋಟೀನು ಆ ಅನಿಲವನ್ನು ಗುರುತಿಸುವುದೂ ತಾಮ್ರದ ಅಯಾನಿನ ನೆರವಿನಿಂದಲೇ.

ಈಚೆಗೆ ದಿಕ್ಕಿನ ಆಟ ಬೇರೆಡೆಗೂ ಹಬ್ಬಿದೆ. 2021ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ನಿಕ್ಕಲ್ ವೇಗವರ್ಧಕಕ್ಕೆ ಎ.ಸಿ. ಜೋಡಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಫಿಲ್ ಬ್ಯಾರನ್ ತಂಡ ಮಿಲಿಸೆಕೆಂಡುಗಳ ಅಂತರದಲ್ಲಿ ಧ್ರುವ ಬದಲಿಸುವ ವಿಧಾನವನ್ನು ಪ್ರಕಟಿಸಿತು. 19ನೇ ಶತಮಾನದ ಕೋಲ್ಬೆ ಕ್ರಿಯೆ ಎರಡು ಆಮ್ಲದ ಅಣುಗಳಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿ, ಉಳಿದ ತುಂಡುಗಳನ್ನು ಬೆಸೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ದುಬಾರಿ ಪ್ಲಾಟಿನಮ್ ವಿದ್ಯುದಗ್ರ ಬೇಕಿತ್ತು. 2023ರಲ್ಲಿ ಬ್ಯಾರನ್ ತಂಡ ಧ್ರುವ ಬದಲಿಸುತ್ತಾ ಅಗ್ಗದ ಇಂಗಾಲದ ವಿದ್ಯುದಗ್ರದಲ್ಲಿ ಅದನ್ನು ಸಾಧಿಸಿತು. ದಿಕ್ಕು ಬದಲಾಗುತ್ತಿದ್ದರೆ ವಿದ್ಯುದಗ್ರದ ಸುತ್ತ ಆಮ್ಲೀಯತೆ ಏರಲು ಪುರುಸೊತ್ತೇ ಇರುವುದಿಲ್ಲ.

ಎಲ್ಲ ಕ್ರಿಯೆಗೂ ಇದು ಮದ್ದಲ್ಲ. ಉತ್ಪನ್ನ ವಿದ್ಯುದಗ್ರದಿಂದ ದೂರ ಸರಿಯುವ ಅಥವಾ ಬೇರೊಂದರೊಡನೆ ಕೂಡಿಕೊಳ್ಳುವ ಮೊದಲೇ ದಿಕ್ಕು ತಿರುಗಿದರೆ ಮಾಡಿದ ಕೆಲಸ ಅಳಿಯುತ್ತದೆ; ತೀರ ತಡವಾದರೆ ಎ.ಸಿ.ಯ ಲಾಭವೇ ಉಳಿಯದು. ಉಷ್ಣತೆ, ವೋಲ್ಟೇಜುಗಳ ಜೊತೆಗೆ ರಸಾಯನ ವಿಜ್ಞಾನಿ ಈಗ ಆವರ್ತನವನ್ನೂ ಹದ ನೋಡಿ ಆರಿಸಬೇಕು.