ಹಳದಿ ಬಾವುಟದ ಹುಡುಗ

ಮಣ್ಣಿನ ಹಾದಿಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಪಂದ್ಯವನ್ನು ನಾನು ನೋಡಿದ್ದು ಒಂದೇ ಒಂದು ಸಾರಿ; ಅದೂ ಅಣ್ಣನ ಮಗನ ಬಲವಂತಕ್ಕೆ. ಬೆಂಗಳೂರಿನ ಹೊರಗಿನ ಬಯಲೊಂದರಲ್ಲಿ ಕೆಮ್ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದರು. ಸವಾರರು ದಿಬ್ಬವನ್ನೇರಿ, ಆಳೆತ್ತರಕ್ಕೆ ಹಾರಿ, ಆಚೆಗಿಳಿದು ಮಾಯವಾಗುತ್ತಿದ್ದರು. ಮೋಟೋಕ್ರಾಸ್ ಎಂದು ಇದರ ಹೆಸರು. ಹೆಸರು ಫ್ರೆಂಚರದು, ಆಟ ಹುಟ್ಟಿದ್ದು ಮಾತ್ರ ಇಂಗ್ಲೆಂಡಿನಲ್ಲಿ, 1924ರಲ್ಲಿ, ಸರ್ರೆ ಪ್ರಾಂತದ ಕ್ಯಾಂಬರ್ಲಿಯ ಬಳಿ. ಧೂಳು ಕುಡಿಯುತ್ತ ನಿಂತಿದ್ದರೂ ಅರ್ಧ ಗಂಟೆಯೊಳಗೆ ನನಗೂ ಅದರ ಅಮಲು ಏರಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಮೂರನೆಯ ಸುತ್ತಿನಲ್ಲಿ ಒಬ್ಬ ತರುಣ ದಿಬ್ಬದ ಆಚೆ ಬಿದ್ದ. ಬದಿಯಲ್ಲಿ ನಿಂತ ನಮಗೆ ಅವನು ಕಾಣುತ್ತಿದ್ದ. ಹಿಂದಿನಿಂದ ಬರುವವರಿಗೆ ಕಾಣುವಂತಿರಲಿಲ್ಲ. ಅವರಿಗೆ ಕಣ್ಣಾಗಿರಬೇಕಾದವನು ದಿಬ್ಬದ ಪಕ್ಕದಲ್ಲಿ ಹಳದಿ ಬಾವುಟ ಹಿಡಿದು ನಿಂತಿದ್ದ ಹುಡುಗ. ಹದಿನೇಳರ ಪ್ರಾಯವಿದ್ದೀತು. ಆ ಗಳಿಗೆಯಲ್ಲಿ ಅವನು, ನಮ್ಮೆಲ್ಲರಂತೆಯೇ, ಬಯಲಿನ ಇನ್ನೊಂದು ತುದಿಯಲ್ಲಿ ಮುಂದೋಡುತ್ತಿದ್ದವನನ್ನು ನೋಡುತ್ತಿದ್ದ. ಯಾರೋ ಕೂಗಿದರು. ಹುಡುಗ ತಿರುಗಿ ಬಾವುಟ ಎತ್ತುವಷ್ಟರಲ್ಲಿ ಒಬ್ಬ ಸವಾರ ಹಾರಿಯಾಗಿತ್ತು. ಅವನ ಗಾಲಿ ನೆಲ ಮುಟ್ಟಿದ್ದು ಬಿದ್ದವನ ತಲೆಯಿಂದ ಒಂದು ಮೊಳ ಆಚೆ.

“ಹೆಲ್ಮೆಟ್ ಇತ್ತಲ್ಲ, ಚಿಕ್ಕಪ್ಪ” ಎಂದ ಅಣ್ಣನ ಮಗ. ಅವನ ಮುಖವೂ ಬಿಳುಚಿತ್ತು.

ಹೆಲ್ಮೆಟ್ಟಿಗೆ ಒಂದು ದೊಡ್ಡ ಕಥೆಯೇ ಇದೆ. ಅರಬ್ಬರ ದಂಗೆಯಿಂದ ಪ್ರಸಿದ್ಧನಾದ ಟಿ. ಇ. ಲಾರೆನ್ಸ್ 1935ರ ಮೇ 13ರಂದು ಡಾರ್ಸೆಟ್ಟಿನ ರಸ್ತೆಯಲ್ಲಿ, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯ ಮೂಲದ ಮಿದುಳಿನ ಶಸ್ತ್ರವೈದ್ಯನೂ ಒಬ್ಬ. ಮುಂದೆ ಯುದ್ಧ ಬಂದಾಗ ಕತ್ತಲ ರಸ್ತೆಗಳಲ್ಲಿ ಪತ್ರ ಸಾಗಿಸುವ ಸೈನಿಕ ಸವಾರರು ಸಾಯುತ್ತಿದ್ದುದನ್ನು ಕಂಡು, ಕೇರ್ನ್ಸ್ 1941ರಲ್ಲಿ ಶಿರಸ್ತ್ರಾಣದ ಅಗತ್ಯವನ್ನು ಕುರಿತು ಲೇಖನ ಬರೆದ. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ನಾಗರಿಕರಿಗೆ ಕಡ್ಡಾಯವಾಗಲು 1973 ಬರಬೇಕಾಯಿತು. ಕೇರ್ನ್ಸ್ ತೀರಿಕೊಂಡು ಆಗಲೇ ಇಪ್ಪತ್ತೊಂದು ವರ್ಷ ಕಳೆದಿತ್ತು.

ಇಷ್ಟಾಗಿಯೂ ಹೆಲ್ಮೆಟ್ಟನ್ನು ನಾವು ಕಬ್ಬಿಣದ ಕೋಟೆಯೆಂದೇ ತಿಳಿಯುತ್ತೇವೆ. ಅದು ತಪ್ಪು. ಹೊರಚಿಪ್ಪಿನೊಳಗಿನ ಹಗುರವಾದ ಬೆಂಡಿನಂತಹ ಪದರ ನುಜ್ಜುಗುಜ್ಜಾಗುತ್ತ, ಪೆಟ್ಟನ್ನು ಅರೆಕ್ಷಣ ತಡೆದು ಹಂಚಿಬಿಡುತ್ತದೆ. ಆ ಅರೆಕ್ಷಣದಲ್ಲೇ ಮಿದುಳು ಉಳಿಯುವುದು. ಒಮ್ಮೆ ನುಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಅಂದು ಬಿದ್ದ ತರುಣ, ದೇವರ ದಯೆಯಿಂದ ಎದ್ದು ಕುಳಿತವನು, ಮಧ್ಯಾಹ್ನದ ಪಂದ್ಯಕ್ಕೆ ಅದೇ ಹೆಲ್ಮೆಟ್ಟನ್ನು ಒರೆಸಿಕೊಂಡು ಸಿದ್ಧನಾದ. ತಡೆಯುವವರಿರಲಿಲ್ಲ. ಹೊಸದಕ್ಕೆ ಅವನಲ್ಲಿ ಹಣವಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ತಲೆ ಉಳಿದರೆ ಕತ್ತಿನ ಪ್ರಶ್ನೆ. ದಕ್ಷಿಣ ಆಫ್ರಿಕದ ವೈದ್ಯ ಕ್ರಿಸ್ ಲೀಟ್ ತಾನೂ ಸವಾರ. 2001ರಲ್ಲಿ ಜೊತೆಗಾರನೊಬ್ಬನ ಸಾವನ್ನು ಕಂಡ ಮೇಲೆ ಅವನು ಕತ್ತಿನ ಸುತ್ತ ತೊಡುವ ಒಂದು ಕವಚವನ್ನು ರೂಪಿಸಿದ. ತಲೆ ಮಿತಿಮೀರಿ ಬಾಗಿದಾಗ ಹೆಲ್ಮೆಟ್ಟಿನ ಅಂಚು ಅದರ ಮೇಲೆ ಕುಳಿತು, ಭಾರ ಕತ್ತನ್ನು ಬಿಟ್ಟು ಹೆಗಲು ಎದೆಗಳಿಗೆ ಇಳಿಯುತ್ತದೆ.

ಆದರೆ ಬಿದ್ದವನ ಮೇಲೆ ಇನ್ನೊಬ್ಬನ ಗಾಡಿ ಬಂದಿಳಿಯುವುದನ್ನು ಯಾವ ಕವಚ ತಡೆದೀತು? ಅದನ್ನು ತಡೆಯುವುದು ಎರಡು ಮೊಳ ಬಟ್ಟೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ ಎಂದು ಅರ್ಥ. ವೇಗ ತಗ್ಗಿಸಬೇಕು, ಮುಂದಿನವನನ್ನು ಹಿಂದೆ ಹಾಕಕೂಡದು. ಅಮೆರಿಕದ ಪಂದ್ಯಗಳಲ್ಲಿ ಬಿಳಿಯ ಮೇಲೆ ಕೆಂಪು ಶಿಲುಬೆಯ ಬಾವುಟವೂ ಉಂಟು. ಅದನ್ನು ಕಂಡರೆ ದಿಬ್ಬವನ್ನು ಹಾರುವಂತೆಯೇ ಇಲ್ಲ, ಗಾಲಿ ನೆಲ ಬಿಡದಂತೆ ದಾಟಬೇಕು. ನಿಯಮ ಚೆನ್ನಾಗಿದೆ. ಅದು ಬದುಕಿರುವುದು ಬಾವುಟ ಹಿಡಿದವನ ಕಣ್ಣಿನಲ್ಲಿ. ನಮ್ಮಲ್ಲಿ ಆ ಕೆಲಸ ಸಿಗುವುದೋ, ಬೇರೇನೂ ಬಾರದವನಿಗೆ.

ಸಾಹಸಕ್ಕೆ ಕಡಿವಾಣ ಹಾಕಿದರೆ ರುಚಿ ಕೆಡುತ್ತದೆಂದು ಹೇಳುವವರಿದ್ದಾರೆ. ಬೆಂಗಳೂರಿನ ಸಿ. ಎಸ್. ಸಂತೋಷ್ ಇಂತಹ ಮಣ್ಣಿನ ಪಂದ್ಯಗಳಿಂದಲೇ ಮೇಲೆ ಬಂದು, 2015ರಲ್ಲಿ ಡಾಕಾರ್ ಪಂದ್ಯವನ್ನು ಪೂರೈಸಿದ ಮೊದಲ ಭಾರತೀಯರಾದರು. 2021ರ ಜನವರಿಯಲ್ಲಿ ಸೌದಿ ಅರೇಬಿಯದಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದಿಗೆ ಒಯ್ದರು. ವೈದ್ಯರು ಕೆಲಕಾಲ ಔಷಧದ ನಿದ್ರೆಯಲ್ಲಿಟ್ಟು ನೋಡಿಕೊಂಡರು. ಸಾಹಸಕ್ಕೆ ಅಲ್ಲಿ ಏನೂ ಕಡಿಮೆಯಾಗಿರಲಿಲ್ಲ. ನಮ್ಮ ಬಯಲಿನ ಆಂಬ್ಯುಲೆನ್ಸಾದರೋ ಪ್ರೇಕ್ಷಕರ ಕಾರುಗಳ ಹಿಂದೆ ಸಿಕ್ಕಿಕೊಂಡಿತ್ತು.

ಪಂದ್ಯ ಮುಗಿದ ಮೇಲೆ ನಾನು ಆ ಹುಡುಗನನ್ನು ಮಾತನಾಡಿಸಿದೆ. ಬೆಳಗಿನಿಂದ ನಿಂತಿದ್ದನಂತೆ, ಬದಲಿಗೆ ಯಾರೂ ಬರಲಿಲ್ಲವಂತೆ. ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕೆಂದು ಯಾರಾದರೂ ಹೇಳಿಕೊಟ್ಟಿದ್ದರೇನಪ್ಪ ಎಂದು ಕೇಳಿದೆ.

“ಬಾವುಟ ಕೊಟ್ರು ಸಾರ್” ಎಂದ.