‘ಕಷ್ಟ’ ಎಂದು ಇಂಗ್ಲಿಷಿನಲ್ಲಿ ಹೇಳುವ ಕಷ್ಟ

ಮಕ್ಕಳೇ, ದಕ್ಷಿಣ ಕೊರಿಯಾದಲ್ಲಿ ಪ್ರತಿವರ್ಷ ನವೆಂಬರಿನ ಒಂದು ದಿನ ಸುಮಾರು ಅರ್ಧ ಗಂಟೆ, ತುರ್ತು ಸಂದರ್ಭ ಬಿಟ್ಟರೆ, ಯಾವ ವಿಮಾನವೂ ಏರುವುದಿಲ್ಲ, ಇಳಿಯುವುದಿಲ್ಲ. ಕಾಲೇಜು ಸೇರಲು ಬರೆಯುವ ‘ಸುನುಂಗ್’ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಕಿವಿಯಿಂದ ಕೇಳಿ ಉತ್ತರಿಸುವ ಭಾಗವಿದೆ, ಆಗ ಸದ್ದಾಗಬಾರದು! 1997ರಿಂದ ಅಲ್ಲಿನ ಮಕ್ಕಳು ಮೂರನೇ ತರಗತಿಯಲ್ಲೇ ಇಂಗ್ಲಿಷ್ ಶುರುಮಾಡುತ್ತಾರೆ. ಆದರೂ ‘ನನಗೆ ಕಷ್ಟವಾಗುತ್ತಿದೆ’ ಎಂಬ ಸಣ್ಣ ಮಾತು ಅವರಲ್ಲಿ ಎಷ್ಟೋ ಜನರನ್ನು ಪೇಚಿಗೆ ಸಿಕ್ಕಿಸುತ್ತದೆ.

ಕೊರಿಯನ್ ಭಾಷೆಯಲ್ಲಿ ಇದಕ್ಕೆ ‘ಹಿಮ್‌ದುಲ್ದ’ ಎನ್ನುತ್ತಾರೆ. ‘ಹಿಮ್’ ಎಂದರೆ ಶಕ್ತಿ, ‘ದುಲ್ದ’ ಎಂದರೆ ತಗಲುವುದು. ಹಣ ಖರ್ಚಾಗುವುದಕ್ಕೂ ಇದೇ ‘ದುಲ್ದ’. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ತಲೆ ನರೆಸಿಕೊಂಡ ಗುಮಾಸ್ತ ನಾನು. ನನಗೆ ಈ ಪದ ಬಲು ಹಿಡಿಸಿತು. ಕಷ್ಟವೆಂದರೆ ಶಕ್ತಿಯ ಖರ್ಚು!

ನಮ್ಮಂತೆ ಅವರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ನಾನು’ ಎಂದು ಹೇಳದಿದ್ದರೂ ನಡೆಯುತ್ತದೆ. ‘ಹಿಮ್‌ದುರೊಯೊ’ ಎಂಬ ಒಂದೇ ಪದ ಸಾಕು, ಯಾರಿಗೆ ಕಷ್ಟವೆಂದು ಎದುರಿಗಿದ್ದವರಿಗೆ ತಿಳಿಯುತ್ತದೆ. ಅದನ್ನೇ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ‘ಐ ಆಮ್ ಡಿಫಿಕಲ್ಟ್’ ಎಂದಾಗುತ್ತದೆ. ಇಂಗ್ಲಿಷ್ ಬಲ್ಲವರಿಗೆ ಅದು ಕೇಳಿಸುವುದು ಹೀಗೆ: ‘ನಾನು ಹಠಮಾರಿ, ನನ್ನ ಜೊತೆ ಏಗುವುದು ಸುಲಭವಲ್ಲ.’ ಸಹಾಯ ಕೇಳಲು ಹೋದ ಮಗು ಎಚ್ಚರಿಕೆ ಕೊಟ್ಟಂತಾಯಿತು!

ಇಂಗ್ಲಿಷಿನಲ್ಲಿ ಹೇಳುವ ರೀತಿ ‘ಐ ಆಮ್ ಹ್ಯಾವಿಂಗ್ ಎ ಹಾರ್ಡ್ ಟೈಮ್’. ‘ಟೈಮ್’ ಇದ್ದರೂ ಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ಕೆಲಸ ಕಷ್ಟವೋ ಆ ಪದಕ್ಕೆ ‘ಇಂಗ್’ ಸೇರಿಸಿ ಕೊನೆಯಲ್ಲಿಟ್ಟರಾಯಿತು: ‘ಹಾರ್ಡ್ ಟೈಮ್ ರೀಡಿಂಗ್’ ಎಂದರೆ ಓದಲು ಕಷ್ಟ. ಆದರೆ ‘ಹ್ಯಾವ್’ ಜಾಗಕ್ಕೆ ‘ಗಿವ್’ ಬಂದರೆ ಅರ್ಥವೇ ತಲೆಕೆಳಗು. ಅದು ಇನ್ನೊಬ್ಬರಿಗೆ ಕಾಟ ಕೊಡುವ ಮಾತು.

ಇದೇಕೆ ಇಷ್ಟು ಮುಖ್ಯ? ಪಾಠ ಅರ್ಥವಾಗದ ಮಗು ಬಾಯಿಬಿಡದೆ ಕೂತರೆ ಟೀಚರಿಗೆ ತಿಳಿಯುವುದು ಹೇಗೆ? ಯಾವುದೇ ಹೊಸ ಭಾಷೆಯಲ್ಲಿ ನಮಸ್ಕಾರ, ಧನ್ಯವಾದಗಳ ನಂತರ ಕಲಿಯಬೇಕಾದ ಮಾತು ಇದೇ ಎಂದು ನನ್ನ ಎಣಿಕೆ. ಒಂದೊಂದೇ ಪದವನ್ನು ಹೊತ್ತೊಯ್ಯಬೇಡಿ, ಮಾತನ್ನು ಇಡಿಯಾಗಿ ಕಲಿಯಿರಿ.

ನಮ್ಮಲ್ಲೇನು ಕಡಿಮೆಯೇ? ಹೆಣಗು, ಏಗು, ತಿಣುಕು, ಪರದಾಡು, ಒದ್ದಾಡು... ಈ ಭಾನುವಾರ ಅಜ್ಜ-ಅಜ್ಜಿಯ ಜೊತೆ ಕೂತು ಪಟ್ಟಿ ಬೆಳೆಸಿ. ಯಾವ ಕಷ್ಟಕ್ಕೆ ಯಾವ ಪದ ಒಪ್ಪುತ್ತದೆ ಎಂದು ಅವರನ್ನೇ ಕೇಳಿ.